ನಗರದ ಪರಿಸರ–ಇಂಧನ ಆಯೋಗ: ಮೊದಲ ವರ್ಷ ಯಾವುದಕ್ಕೆ ಕೈ ಹಾಕಬೇಕು?

ಮೀಟರ್_ಓದುಗ
ನಗರಸಭೆಯೊಂದು ಒಂಬತ್ತು ಜನರ ಪರಿಸರ–ಇಂಧನ ಆಯೋಗ ರಚಿಸಿದೆ ಅಂದುಕೊಳ್ಳಿ. ಖರ್ಚು ಮಾಡುವ ಅಧಿಕಾರ ಇಲ್ಲ, ಶಿಫಾರಸು ಮಾತ್ರ. ತಿಂಗಳಿಗೊಂದು ಸಭೆ, ಕಡತ ನೋಡಿಕೊಳ್ಳಲು ಒಬ್ಬ ಅರೆಕಾಲಿಕ ಸಿಬ್ಬಂದಿ. ಮುಂದಿರುವ ಪ್ರಸ್ತಾವಗಳು ನಾಲ್ಕು: ಇಡೀ ನಗರದ ಹಸಿರುಮನೆ ಅನಿಲದ ಲೆಕ್ಕ, ಬೀದಿದೀಪಗಳನ್ನು ಎಲ್‌ಇಡಿಗೆ ಬದಲಿಸುವುದು, ಕಚೇರಿ ಚಾವಣಿಗಳಿಗೆ ಸೋಲಾರ್, ಹತ್ತು ಸಾವಿರ ಸಸಿ. ಯಾವುದು ಮೊದಲು, ಯಾಕೆ? ‘ಎಲ್ಲವೂ ಮುಖ್ಯ’ ಅನ್ನುವ ಉತ್ತರ ದಯವಿಟ್ಟು ಬೇಡ.

ಪಂಪ್‌ಹೌಸ್_ಪಕ್ಕ
ನಾಲ್ಕರಲ್ಲಿ ಯಾವುದೂ ಅಲ್ಲ. ನೀರೆತ್ತುವ ಪಂಪು ಪಟ್ಟಿಯಲ್ಲೇ ಇಲ್ಲವಲ್ಲ ಮಾರಾಯ್ರೆ!

ಲೆಕ್ಕದ_ಪುಸ್ತಕ
ಪಂಪಿಗೂ ಮೊದಲು ಬಿಲ್. ನಗರಸಭೆ ಹೆಸರಲ್ಲಿರುವ ಪ್ರತಿ ವಿದ್ಯುತ್ ಸಂಪರ್ಕದ ಹಿಂದಿನ 24 ತಿಂಗಳ ಬಿಲ್ ತರಿಸಿ ಒಂದೇ ಹಾಳೆಗೆ ಇಳಿಸಿ. ಸಂಪರ್ಕ ಸಂಖ್ಯೆ, ಜಾಗ, ಇಲಾಖೆ, ಮಂಜೂರಾದ ಬೇಡಿಕೆ, ದಾಖಲಾದ ಗರಿಷ್ಠ ಬೇಡಿಕೆ, ಯೂನಿಟ್, ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ನಿಜವಾಗಿ ಕೆಲಸಕ್ಕೆ ಬಂದ ಪಾಲು), ದಂಡ. ಇಷ್ಟು ಕಾಲಂ ಸಾಕು. ಯೂನಿಟ್ ಹೆಚ್ಚಿರುವುದು ಮೇಲೆ ಬರುವಂತೆ ಜೋಡಿಸಿ. ನೂರಾರು ಸಂಪರ್ಕ ಇದ್ದರೂ ಸಾಮಾನ್ಯವಾಗಿ ಮೇಲಿನ ಹತ್ತಿಪ್ಪತ್ತೇ ದೊಡ್ಡ ಪಾಲು ತಿನ್ನುತ್ತಿರುತ್ತವೆ, ಅವು ನೀರು ಮತ್ತು ಕೊಳಚೆಗೆ ಸಂಬಂಧಿಸಿದವೇ ಆಗಿರುತ್ತವೆ.

ಈ ಹಾಳೆಯಲ್ಲೇ ಪುಕ್ಕಟೆ ಉಳಿತಾಯ ಸಿಗುತ್ತದೆ. ಕೆಡವಿದ ಕಟ್ಟಡದ ಸಂಪರ್ಕಕ್ಕೆ ಇನ್ನೂ ನಿಗದಿತ ಶುಲ್ಕ ಕಟ್ಟುತ್ತಿರುವುದು, 200 ಕೆವಿಎ ಬೇಡಿಕೆ ಮಂಜೂರು ಮಾಡಿಸಿಕೊಂಡು 80 ದಾಟದಿರುವುದು, ಆರು ತಿಂಗಳು ಸತತ ಒಂದೇ ಯೂನಿಟ್ ಬಂದಿರುವುದು. ಕೊನೆಯದು ಕಂಡರೆ ಮೀಟರ್ ನಿಂತಿದೆ, ಅಂದಾಜಿನ ಮೇಲೆ ಬಿಲ್ ಹಾಕುತ್ತಿದ್ದಾರೆ ಎಂದೇ ಅರ್ಥ.

ಹಸಿರು_ಹಾಳೆ
ಇದು ನಗರಸಭೆಯ ಸ್ವಂತ ಖರ್ಚಿನ ಲೆಕ್ಕ ಆಯಿತು. ನಗರ ಅಂದರೆ ನಗರಸಭೆ ಮಾತ್ರವಾ? ವಾಹನ, ಮನೆ, ಕಾರ್ಖಾನೆ, ಕಸದ ಗುಡ್ಡ ಎಲ್ಲ ಸೇರಿಸಿದರೆ ನಗರಸಭೆಯ ಸ್ವಂತ ಪಾಲು ಸಣ್ಣದು. ಇಡೀ ನಗರದ ಲೆಕ್ಕ ಇಲ್ಲದೆ ಆದ್ಯತೆ ಹೇಗೆ ಗೊತ್ತಾಗುತ್ತೆ? ನಗರಗಳ ಹಸಿರುಮನೆ ಅನಿಲದ ಲೆಕ್ಕಕ್ಕೆಂದೇ ಜಿಪಿಸಿ ಪ್ರೋಟೊಕಾಲ್ ಎಂಬ ಅಂತರರಾಷ್ಟ್ರೀಯ ಪದ್ಧತಿ 2014ರಿಂದ ಇದೆ. ನಗರದೊಳಗೇ ಸುಟ್ಟ ಇಂಧನ ಮೊದಲ ಸ್ಕೋಪ್ (ವಿಭಾಗ), ಗ್ರಿಡ್‌ನಿಂದ ಬಂದ ವಿದ್ಯುತ್ ಎರಡನೆಯದು, ನಗರದ ಚಟುವಟಿಕೆಯಿಂದ ಗಡಿಯಾಚೆ ಆಗುವುದು ಮೂರನೆಯದು. ದಾರಿ ಹಾಕಿಟ್ಟಿದ್ದಾರೆ, ನಡೆಯಬೇಕಷ್ಟೆ.

ಪಂಪ್‌ಹೌಸ್_ಪಕ್ಕ
ನಡೆಯುತ್ತಾ ನಡೆಯುತ್ತಾ ಎರಡು ವರ್ಷ ಕಳೆಯುತ್ತೆ. ಆಮೇಲೆ ನೂರು ಪುಟದ ಬಣ್ಣದ ವರದಿ, ಅದರಲ್ಲಿ ಮುಕ್ಕಾಲು ಪಾಲು ಅಂದಾಜು.

ಹಸಿರು_ಹಾಳೆ
ಅಂದಾಜು ತಪ್ಪಲ್ಲ, ಯಾವುದು ಅಂದಾಜು ಎಂದು ಮುಚ್ಚಿಡುವುದು ತಪ್ಪು. ಜಿಪಿಸಿಯಲ್ಲಿ ಪ್ರತಿ ಅಂಕಿಗೂ ಗುಣಮಟ್ಟದ ದರ್ಜೆ ಹಾಕಲೇಬೇಕು: ಹೆಚ್ಚು, ಮಧ್ಯಮ, ಕಡಿಮೆ. ಮತ್ತೆ ಕಸ ಮರೀಬೇಡಿ. ಗುಡ್ಡದಲ್ಲಿ ಹಸಿ ಕಸ ಕೊಳೆತು ಮೀಥೇನ್ ಬರುತ್ತೆ, ಅದು ಭೂಮಿ ಬಿಸಿ ಮಾಡುವುದು ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡ್‌ನ ಸುಮಾರು 28 ಪಟ್ಟು. ಹಸಿ ಕಸ ಗುಡ್ಡಕ್ಕೆ ಹೋಗುವುದನ್ನು ತಪ್ಪಿಸಿದರೆ ಎಷ್ಟೋ ಪಂಪುಗಳಿಗೆ ಸಮ.

ಠರಾವು_ಬರಹಗಾರ
ಇಬ್ಬರೂ ಒಂದು ವಿಷಯ ಬಿಡುತ್ತಿದ್ದೀರಿ. ಸಲಹಾ ಆಯೋಗದ ಏಕೈಕ ಆಯುಧ ಸಮಯ. ಇಲಾಖೆಗಳು ತಮ್ಮ ಬೇಡಿಕೆ ಪಟ್ಟಿಯನ್ನು ಬಜೆಟ್ ಮಂಡನೆಗೆ ನಾಲ್ಕೈದು ತಿಂಗಳು ಮೊದಲೇ ತಯಾರಿಸುತ್ತವೆ. ಅಷ್ಟರೊಳಗೆ ಶಿಫಾರಸು ಹೋಗದಿದ್ದರೆ ‘ಮುಂದಿನ ವರ್ಷ ನೋಡೋಣ’ ಎಂಬ ಷರಾ ಗ್ಯಾರಂಟಿ. ಆದ್ದರಿಂದ ವರ್ಷದ ಕಾರ್ಯಯೋಜನೆಯನ್ನು ಬಜೆಟ್ ದಿನದಿಂದ ಹಿಂದಕ್ಕೆ ಎಣಿಸಿಕೊಂಡು ಬರೆಯಬೇಕು.

ಶಿಫಾರಸು ಒಂದೇ ಪುಟ ಇರಲಿ. ಏನು ಮಾಡಬೇಕು, ಯಾವ ಇಲಾಖೆ ಮಾಡಬೇಕು, ಯಾವ ಲೆಕ್ಕ ಶೀರ್ಷಿಕೆಯಿಂದ ದುಡ್ಡು, ಎಷ್ಟು ಯೂನಿಟ್ ಉಳಿತಾಯ, ಆ ಉಳಿತಾಯವನ್ನು ಯಾರು ಹೇಗೆ ಅಳೆಯಬೇಕು, ಮಾಡದಿದ್ದರೆ ಏನು. ‘ಪರಿಶೀಲಿಸಬಹುದು’ ಎಂಬ ಪದ ಬಳಸಿದ ಶಿಫಾರಸು ಸತ್ತಂತೆ. ಅವರು ಪರಿಶೀಲಿಸುತ್ತಾರೆ, ಅಷ್ಟೇ.

ಲೆಕ್ಕದ_ಪುಸ್ತಕ
ಲೆಕ್ಕ ಶೀರ್ಷಿಕೆಯ ಮಾತಿಗೆ ನೂರು ಅಂಕ. ಬಹಳ ಕಡೆ ಪಂಪ್ ರಿಪೇರಿಯ ಬಜೆಟ್ ಒಂದು ಇಲಾಖೆಯದು, ವಿದ್ಯುತ್ ಬಿಲ್ ಇನ್ನೊಂದರದು. ಪಂಪ್ ಬದಲಿಸಲು ಖರ್ಚು ಮಾಡಿದವನಿಗೆ ಉಳಿತಾಯ ಕಾಣುವುದೇ ಇಲ್ಲ, ಅವನು ಯಾಕೆ ತಲೆ ಕೆಡಿಸಿಕೊಳ್ಳುತ್ತಾನೆ? ಜರ್ಮನಿಯ ಸ್ಟುಟ್‌ಗಾರ್ಟ್ 1995ರಲ್ಲಿ ಇದಕ್ಕೊಂದು ಉಪಾಯ ಮಾಡಿತು. ನಗರದೊಳಗೇ ಒಂದು ನಿಧಿ. ಇಂಧನ ವಿಭಾಗ ಆ ನಿಧಿಯಿಂದ ಶಾಲೆಗೋ ಈಜುಕೊಳಕ್ಕೋ ಬಡ್ಡಿಯಿಲ್ಲದೆ ದುಡ್ಡು ಹಾಕುತ್ತದೆ, ಉಳಿದ ಬಿಲ್ ಮೊತ್ತ ಹೂಡಿಕೆ ತೀರುವವರೆಗೆ ನಿಧಿಗೇ ವಾಪಸ್ಸು, ಆಮೇಲೆ ಆ ಇಲಾಖೆಗೆ. ಹೊರಗಿನ ಕಂಪನಿಯ ಹಂಗಿಲ್ಲ.

ಪಂಪ್‌ಹೌಸ್_ಪಕ್ಕ
ಸರಿ, ಪಂಪಿನ ಲೆಕ್ಕ ಇಡುತ್ತೇನೆ, ತೂಗಿ ನೋಡಿ.

ಬೇಕಾದ್ದು ಮೂರೇ ಅಳತೆ: ಗಂಟೆಗೆ ಎಷ್ಟು ಘನ ಮೀಟರ್ ನೀರು, ಒಟ್ಟು ಎಷ್ಟು ಮೀಟರ್ ಹೆಡ್ (ಪೈಪಿನ ಘರ್ಷಣೆಯೂ ಸೇರಿ ನೀರನ್ನು ಎತ್ತಬೇಕಾದ ಎತ್ತರ), ಮೋಟರ್ ಎಷ್ಟು ಕಿಲೊವ್ಯಾಟ್ ಎಳೆಯುತ್ತಿದೆ. ಹರಿವನ್ನು ಹೆಡ್‌ನಿಂದ ಗುಣಿಸಿ 367ರಿಂದ ಭಾಗಿಸಿದರೆ ನೀರಿಗೆ ಸೇರಿದ ಕಿಲೊವ್ಯಾಟ್ ಸಿಗುತ್ತೆ. ಉದಾಹರಣೆಗೆ ಹರಿವು 300. ಡೆಲಿವರಿ ಗೇಜ್ 4.6 ಬಾರ್ ತೋರಿಸಿದರೆ ಅದು 47 ಮೀಟರ್, ಸಂಪಿನ ನೀರಿನ ಮಟ್ಟ ಗೇಜ್‌ಗಿಂತ 3 ಮೀಟರ್ ಕೆಳಗೆ, ಒಟ್ಟು 50. 300 × 50 ÷ 367 = 41 ಕಿಲೊವ್ಯಾಟ್. ಮೋಟರ್ 75 ಎಳೆಯುತ್ತಿದ್ದರೆ ದಕ್ಷತೆ 55%. ಒಳ್ಳೆ ಮೋಟರ್ 92%, ಸರಿಯಾಗಿ ಆರಿಸಿದ ಪಂಪ್ 78%, ಎರಡೂ ಸೇರಿ 72% ಬರಬೇಕು. ಅಂದರೆ 57 ಕಿಲೊವ್ಯಾಟ್ ಸಾಕಿತ್ತು. 18 ಕಿಲೊವ್ಯಾಟ್ ವ್ಯರ್ಥ, ದಿನಕ್ಕೆ 16 ಗಂಟೆಯಂತೆ ವರ್ಷಕ್ಕೆ ಒಂದು ಲಕ್ಷ ಯೂನಿಟ್ ಮೇಲೆ. ಒಂದು ಪಂಪಿನದು!

ಯಾಕೆ ಹೀಗಾಗುತ್ತೆ ಅಂದರೆ ಇಂಪೆಲ್ಲರ್, ಅಂದರೆ ನೀರು ತಳ್ಳುವ ಚಕ್ರ, ಸವೆದಿರುತ್ತೆ, ಅದರ ಸುತ್ತಲಿನ ವೇರ್ ರಿಂಗ್ ಸಡಿಲವಾಗಿ ನೀರು ಒಳಗೊಳಗೇ ಸುತ್ತುತ್ತಿರುತ್ತೆ, ಇಲ್ಲವೇ ‘ಇರಲಿ’ ಅಂತ ದೊಡ್ಡ ಪಂಪ್ ತಂದು ಡೆಲಿವರಿ ವಾಲ್ವ್ ಅರ್ಧ ಮುಚ್ಚಿ ಓಡಿಸುತ್ತಿರುತ್ತಾರೆ. ವಾಲ್ವ್ ಅರ್ಧ ಮುಚ್ಚಿರುವುದು ಕಂಡರೆ ಮುಂದಿನ ಪರೀಕ್ಷೆಯೂ ಬೇಡ.

ಕಂಬದ_ಬೆಳಕು
ಲೆಕ್ಕ ಚೆನ್ನಾಗಿದೆ. ಈಗ ನನ್ನದು. 150 ವ್ಯಾಟ್ ಸೋಡಿಯಂ ದೀಪ ಬ್ಯಾಲಸ್ಟ್ (ಚೋಕ್) ಸೇರಿ 170 ಎಳೆಯುತ್ತೆ. 65 ವ್ಯಾಟ್ ಎಲ್‌ಇಡಿ ಹಾಕಿದರೆ 105 ಉಳಿತಾಯ, ರಾತ್ರಿಗೆ 11 ಗಂಟೆಯಂತೆ ವರ್ಷಕ್ಕೆ ಕಂಬಕ್ಕೆ 420 ಯೂನಿಟ್. ನಿಮ್ಮ ಒಂದು ಪಂಪ್ = ನನ್ನ 250 ಕಂಬ. ಆದರೆ ನಗರದಲ್ಲಿ ಕಂಬ ಸಾವಿರಾರು, ಪಂಪ್ ಎಷ್ಟು?

ಪಂಪ್‌ಹೌಸ್_ಪಕ್ಕ
250 ಕಂಬ ಹತ್ತುವುದಕ್ಕಿಂತ ಒಂದು ಪಂಪ್ ಬಿಚ್ಚುವುದು ಸುಲಭ ಸ್ವಾಮಿ.

ಲೆಕ್ಕದ_ಪುಸ್ತಕ
ಕಂಬದ ಲೆಕ್ಕಕ್ಕೆ ಒಂದು ಕೊಕ್ಕೆ. ಬೀದಿದೀಪಕ್ಕೆ ಮೀಟರ್ ಇಲ್ಲದೆ ಕಂಬಕ್ಕಿಷ್ಟು ಅಂತ ಬಿಲ್ ಕಟ್ಟುವ ವ್ಯವಸ್ಥೆ ಇದ್ದರೆ, ದೀಪ ಬದಲಾದರೂ ಬಿಲ್ ಹಳೆಯದೇ ಬರುತ್ತೆ. ವಿದ್ಯುತ್ ಕಂಪನಿಯ ದಾಖಲೆಯಲ್ಲಿ ಪ್ರತಿ ಕಂಬದ ವ್ಯಾಟ್ ತಿದ್ದಿಸಬೇಕು, ಅಥವಾ ಸ್ವಿಚ್ಚಿಂಗ್ ಪೆಟ್ಟಿಗೆಗೊಂದು ಮೀಟರ್ ಹಾಕಿಸಬೇಕು. ಇದನ್ನು ಗುತ್ತಿಗೆ ಸಹಿ ಆಗುವ ಮೊದಲೇ ಮುಗಿಸಿಕೊಳ್ಳಿ.

ಕಂಬದ_ಬೆಳಕು
ಒಪ್ಪಿದೆ. ಅದರ ಜೊತೆ ಇನ್ನೂ ಒಂದು ತಕರಾರು. ಹಳೆಯ ದೀಪಗಳಲ್ಲಿ 15% ಕೆಟ್ಟು ನಿಂತಿದ್ದವು ಅಂದುಕೊಳ್ಳಿ. ಗುತ್ತಿಗೆದಾರ ಉಳಿತಾಯ ಲೆಕ್ಕ ಹಾಕುವಾಗ ಎಲ್ಲವೂ ಉರಿಯುತ್ತಿದ್ದವು ಎಂದು ಹಿಡಿಯುತ್ತಾನೆ, ನಗರಸಭೆಯ ಲೆಕ್ಕಿಗ ಹಳೆಯ ಬಿಲ್ ಹಿಡಿಯುತ್ತಾನೆ. ಎರಡೂ ಸರಿ, ಆದರೆ ಹೊಂದುವುದಿಲ್ಲ. ಕಂಬಕಂಬಕ್ಕೆ ನಂಬರ್ ಹಾಕಿ, ಒಂದು ರಾತ್ರಿ ಸುತ್ತಿ, ಉರಿಯುವುದು ಎಷ್ಟು, ಕೆಟ್ಟಿರುವುದು ಎಷ್ಟು ಎಂದು ಎರಡೂ ಕಡೆಯವರು ಸಹಿ ಹಾಕಿದ ಪಟ್ಟಿ ಟೆಂಡರಿಗೆ ಮುಂಚೆ ಇರಬೇಕು. ಉಳಿತಾಯ ಅಳೆಯುವುದಕ್ಕೆ ಐಪಿಎಂವಿಪಿ ಎಂಬ ಪದ್ಧತಿಯಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಆಯ್ಕೆ ಇವೆ. ದೀಪಕ್ಕೆ ‘ಎ’ ಸಾಕು: ವ್ಯಾಟ್ ಅಳೆಯಿರಿ, ಉರಿಯುವ ಗಂಟೆಯನ್ನು ಒಪ್ಪಂದದಲ್ಲೇ ನಿಗದಿ ಮಾಡಿ. ಇಡೀ ಕಟ್ಟಡವಾದರೆ ‘ಸಿ’, ಅದಕ್ಕೆ ಕನಿಷ್ಠ ಹಿಂದಿನ 12 ತಿಂಗಳ ಬಿಲ್ ಬೇಕು.

ಟೆಂಡರಿನಲ್ಲಿ ವ್ಯಾಟ್ ಮಾತ್ರ ಬರೆಯಬೇಡಿ. ರಸ್ತೆ ಮೇಲೆ ಸರಾಸರಿ ಲಕ್ಸ್ (ಬೀಳುವ ಬೆಳಕಿನ ಅಳತೆ), ಕನಿಷ್ಠಕ್ಕೂ ಸರಾಸರಿಗೂ ಇರುವ ಅನುಪಾತ, ವೋಲ್ಟೇಜ್ ದಿಢೀರ್ ಏರಿದಾಗ ಕಾಯುವ 10 ಕೆವಿ ಸರ್ಜ್ ರಕ್ಷಣೆ, ಎಲ್‌ಇಡಿಗೆ ವಿದ್ಯುತ್ತನ್ನು ಹದ ಮಾಡಿ ಕೊಡುವ ಡ್ರೈವರ್‌ಗೆ ಪ್ರತ್ಯೇಕ ವಾರಂಟಿ. ‘50,000 ಗಂಟೆ ಬಾಳಿಕೆ’ ಅಂದರೆ ರಾತ್ರಿಗೆ 11 ಗಂಟೆಯಂತೆ ಹನ್ನೆರಡೂವರೆ ವರ್ಷ. ಆ ಅಂಕಿ ಎಲ್‌ಇಡಿ ಚಿಪ್ಪಿನದು. ಡ್ರೈವರ್ ಅದಕ್ಕಿಂತ ಬೇಗ ಹೋಗುತ್ತೆ.

ರಾತ್ರಿ_ಹಕ್ಕಿ
ಬಣ್ಣ ಮರೆತಿರಿ. ಬೆಳಕಿನ ಬಣ್ಣದ ಅಳತೆ 3000 ಕೆಲ್ವಿನ್ ಮೀರಬಾರದು, ಅಂಕಿ ಏರಿದಷ್ಟೂ ನೀಲಿ ಹೆಚ್ಚು. ನೀಲಿ ಅಂಶ ಹೆಚ್ಚಾದರೆ ಕಣ್ಣಿಗೆ ಚುಚ್ಚುತ್ತೆ, ಹುಳುಗಳು ಮುತ್ತುತ್ತವೆ, ಆಕಾಶಕ್ಕೂ ಹೆಚ್ಚು ಚದುರುತ್ತೆ. ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಜನ ತಕರಾರು ತೆಗೆದ ಮೇಲೆ ವಸತಿ ಬೀದಿಗಳಿಗೆ ಹಾಕಿದ್ದ ಹೊಸ ಎಲ್‌ಇಡಿಗಳನ್ನೇ ಕಿತ್ತು 2700 ಕೆಲ್ವಿನ್‌ನವು ಹಾಕಿದರು.

ಕಂಬದ_ಬೆಳಕು
ಹೌದು. ಆದರೆ ಬಣ್ಣಕ್ಕಿಂತ ಕೋನ ಮುಖ್ಯ. ತೋಳು ಮೇಲಕ್ಕೆ ಬಾಗಿದ ಹಳೆ ಕಂಬಕ್ಕೆ ಹೊಸ ದೀಪ ಹಾಗೇ ಸಿಕ್ಕಿಸಿದರೆ 2700 ಇದ್ದರೂ ಎದುರು ಮನೆಯ ಮಲಗುವ ಕೋಣೆಗೇ ಹೊಡೆಯುತ್ತೆ. ಫಿಟಿಂಗ್ ಮಟ್ಟವಾಗಿ, ಗಾಜು ನೆಲಕ್ಕೆ ಸಮಾನಾಂತರವಾಗಿ ಕೂರಬೇಕು.

ವೇಗ_ನಿಯಂತ್ರಕ
ಪಂಪ್‌ಹೌಸ್ ಅವರೇ, ಪಂಪ್ ಬದಲಿಸುವ ಗೋಜು ಯಾಕೆ? ಮೋಟರ್ ವೇಗವನ್ನು ಬೇಕಾದಂತೆ ಏರಿಳಿಸುವ ವಿಎಫ್‌ಡಿ ಹಾಕಿ. ವೇಗ 80%ಗೆ ಇಳಿಸಿದರೆ ಶಕ್ತಿ ವೇಗದ ಘನಕ್ಕೆ ತಕ್ಕಂತೆ 51%ಗೆ ಇಳಿಯುತ್ತೆ.

ಪಂಪ್‌ಹೌಸ್_ಪಕ್ಕ
ಅಯ್ಯೋ, ಮಾರಾಟದ ಬ್ರೋಷರ್‌ನ ಸಾಲು ಅದು. ಬರೀ ಘರ್ಷಣೆಯ ಹೆಡ್ ಇರುವ ಕಡೆ ಮಾತ್ರ ಘನದ ನಿಯಮ. ಗುಡ್ಡದ ಮೇಲಿನ ಟ್ಯಾಂಕಿಗೆ ಎತ್ತುವಾಗ ಸ್ಥಿರ ಎತ್ತರವೇ 40 ಮೀಟರ್ ಅಂದುಕೊಳ್ಳಿ. ಪಂಪಿನ ಶಟ್-ಆಫ್ ಹೆಡ್, ಅಂದರೆ ಹರಿವೇ ಇಲ್ಲದಾಗ ಅದು ಮುಟ್ಟುವ ಎತ್ತರ, 62. ವೇಗ 80%ಗೆ ಇಳಿದರೆ ಹೆಡ್ 64%ಗೆ ಇಳಿಯುತ್ತೆ, ಅಂದರೆ 39.7. ನೀರು ಹಿಂದೆ ಬರದಂತೆ ತಡೆಯುವ ನಾನ್-ರಿಟರ್ನ್ ವಾಲ್ವ್ ತೆರೆಯುವುದೇ ಇಲ್ಲ! ಒಂದು ತೊಟ್ಟೂ ಮೇಲೆ ಹೋಗದೆ ಪಂಪ್ ಒಳಗಿನ ನೀರು ಕಡೆದು ಬಿಸಿಯಾಗುತ್ತೆ, ಸೀಲ್ ಸುಡುತ್ತೆ. ಟ್ಯಾಂಕ್ ತುಂಬಿಸುವ ಕೆಲಸಕ್ಕೆ ಸರಿಯಾದ ಅಳತೆಯ ಪಂಪ್, ಇಲ್ಲವೇ ಇಂಪೆಲ್ಲರ್ ಅಂಚು ಕತ್ತರಿಸಿ ಚಿಕ್ಕದು ಮಾಡಿಸುವುದು. ವಿಎಫ್‌ಡಿ ನೇರ ವಿತರಣೆಯ ಜಾಲಕ್ಕೆ ಇಟ್ಟುಕೊಳ್ಳಿ, ಅಲ್ಲಿ ಬೇಡಿಕೆ ಗಂಟೆಗಂಟೆಗೂ ಬದಲಾಗುತ್ತೆ.

ವೇಗ_ನಿಯಂತ್ರಕ
ಸರಿ, ಟ್ಯಾಂಕಿನ ವಿಷಯ ಬಿಟ್ಟೆ. ಬ್ಲೋವರ್‌ಗೆ? ಕೊಳಚೆ ಶುದ್ಧೀಕರಣ ಘಟಕದಲ್ಲಿ ಗಾಳಿ ಊದುವುದಕ್ಕೇ ಅರ್ಧದಷ್ಟು ವಿದ್ಯುತ್ ಹೋಗುತ್ತೆ.

ಕೆಸರು_ಕೊಳ
ಅಲ್ಲಿ ಹಾಕಿ, ಆದರೆ ಮೊದಲು ಡಿಒ, ಅಂದರೆ ನೀರಲ್ಲಿ ಕರಗಿದ ಆಮ್ಲಜನಕ, ನೋಡಿ. ಸಕ್ರಿಯ ಕೆಸರಿನ ತೊಟ್ಟಿಯಲ್ಲಿ (ಬ್ಯಾಕ್ಟೀರಿಯಾಗಳು ಕೊಳಚೆ ತಿನ್ನುವ ತೊಟ್ಟಿ) ಅದು ಲೀಟರ್‌ಗೆ 2 ಮಿಲಿಗ್ರಾಂ ಇದ್ದರೆ ಬ್ಯಾಕ್ಟೀರಿಯಾಗಳಿಗೆ ಧಾರಾಳ. ಅನೇಕ ಕಡೆ 5 ಇರುತ್ತೆ, ‘ಜಾಸ್ತಿ ಇದ್ದರೆ ಒಳ್ಳೆಯದು’ ಅಂತ. ಬೆಚ್ಚಗಿನ ನೀರಲ್ಲಿ ಕರಗಬಹುದಾದ ಗರಿಷ್ಠವೇ ಸುಮಾರು 8. ಆಮ್ಲಜನಕವನ್ನು ನೀರಿಗೆ ತಳ್ಳುವ ಬಲ ಅಂದರೆ ಈ ಎರಡರ ವ್ಯತ್ಯಾಸ. 2ರಲ್ಲಿ ಇಟ್ಟರೆ 6, 5ರಲ್ಲಿ ಇಟ್ಟರೆ 3. ಅದೇ ಆಮ್ಲಜನಕಕ್ಕೆ ದುಪ್ಪಟ್ಟು ಗಾಳಿ ಊದಬೇಕು.

ಎಡವುವುದು ಡಿಒ ಅಳೆಯುವ ಪ್ರೋಬ್‌ನಲ್ಲಿ. ಅದರ ತುದಿಗೆ ಲೋಳೆ ಕಟ್ಟಿದರೆ ಸಾಮಾನ್ಯವಾಗಿ ಡಿಒ ಕಡಿಮೆ ತೋರಿಸುತ್ತೆ, ಕಂಟ್ರೋಲರ್ ನಂಬಿ ಬ್ಲೋವರ್ ಜೋರು ಮಾಡುತ್ತೆ. ವಾರಕ್ಕೊಮ್ಮೆ ಒರೆಸಿ, ಕೈ ಮೀಟರ್ ಇಳಿಸಿ ತಾಳೆ ನೋಡುವ ಕೆಲಸ ಯಾರ ಹೆಸರಲ್ಲಿದೆ ಎಂದು ಬರೆದಿಡದಿದ್ದರೆ ಆಟೊಮೇಷನ್ ಹಾಕಿಯೂ ಬಿಲ್ ಏರುತ್ತೆ. ಇನ್ನೊಂದು, ಬ್ಲೋವರ್‌ನ ಕನಿಷ್ಠ ವೇಗಕ್ಕೆ ಮಿತಿ ಇಡಿ. ಗಾಳಿ ತೀರಾ ಕಡಿಮೆಯಾದರೆ ಕೆಸರು ತಳ ಸೇರುತ್ತೆ.

ಸಸಿ_ಕಾವಲು
ಹತ್ತು ಸಾವಿರ ಸಸಿಯ ಬಗ್ಗೆ ಯಾರೂ ಮಾತಾಡಲಿಲ್ಲ. ನಾನೇ ಹೇಳ್ತೀನಿ, ಬೇಡ.

ಹಸಿರು_ಹಾಳೆ
ಸಸಿ ಬೇಡ ಅನ್ನುವವರನ್ನು ಇವತ್ತೇ ನೋಡಿದ್ದು!

ಸಸಿ_ಕಾವಲು
ಸಸಿ ಬೇಡ ಅಂದಿಲ್ಲ, ಸಂಖ್ಯೆ ಬೇಡ. ಗುರಿ ‘ನೆಟ್ಟದ್ದು ಎಷ್ಟು’ ಎಂದಾಗಬಾರದು, ‘ಮೂರನೇ ವರ್ಷ ಬದುಕಿರುವುದು ಎಷ್ಟು’ ಎಂದಾಗಬೇಕು, ಗುತ್ತಿಗೆಯ ಕೊನೆಯ ಕಂತು ಅದಕ್ಕೇ ಕಟ್ಟಿರಬೇಕು. ಗುಂಡಿ ಬೇರುಂಡೆಯ ಎರಡು ಮೂರು ಪಟ್ಟು ಅಗಲ, ಆಳ ಬೇರುಂಡೆಯಷ್ಟೇ. ಆಳ ಹೆಚ್ಚಾದರೆ ಮಣ್ಣು ಕುಸಿದು ಕಾಂಡದ ಬುಡ ಹೂತು ಕೊಳೆಯುತ್ತೆ. ಊರುಗೋಲಿನ ಕಟ್ಟನ್ನು ಒಂದು ವರ್ಷದಲ್ಲಿ ಬಿಚ್ಚದಿದ್ದರೆ ಅದೇ ಉರುಳು. ಇದಕ್ಕೆಲ್ಲ ಮೊದಲು ಈಗಾಗಲೇ ಇರುವ ದೊಡ್ಡ ಮರಗಳ ಬುಡಕ್ಕೆ ಹಾಕಿದ ಕಾಂಕ್ರೀಟ್ ಒಡೆಸಿ. ಒಂದು ಬೆಳೆದ ಮರದ ನೆರಳಿಗೆ ನೂರು ಸಸಿ ಸಾಟಿಯಲ್ಲ.

ಗಾಳಿ_ಸೂಚಿ
ಪ್ರತಿ ವಾರ್ಡಿಗೊಂದು ಅಗ್ಗದ ಗಾಳಿ ಸೆನ್ಸರ್ ಹಾಕಿಸಿ, ಜನಕ್ಕೆ ಕಾಣುವ ಕೆಲಸ.

ಕೆಸರು_ಕೊಳ
ಕಾಣುತ್ತೆ, ತಪ್ಪಾಗಿ ಕಾಣುತ್ತೆ. ಆ ಸೆನ್ಸರ್‌ಗಳು ಬೆಳಕಿನ ಚದುರುವಿಕೆ ನೋಡಿ ಕಣ ಎಣಿಸುತ್ತವೆ. ತೇವಾಂಶ 80% ದಾಟಿದಾಗ ಕಣಗಳು ನೀರು ಹೀರಿ ಊದಿಕೊಂಡು ಅಂಕಿ ಮೇಲೇರುತ್ತೆ. ಒಂದೆರಡನ್ನು ಅಧಿಕೃತ ಮಾಪನ ಕೇಂದ್ರದ ಪಕ್ಕದಲ್ಲೇ ಕೆಲ ವಾರ ಇಟ್ಟು ತಿದ್ದುಪಡಿ ಸೂತ್ರ ಮಾಡಿಕೊಳ್ಳದೆ ಗೋಡೆಗೆ ಹೊಡೆಯಬೇಡಿ.

ಮೀಟರ್_ಓದುಗ
ಸೋಲಾರ್ ಬಗ್ಗೆ? ಒಂಬತ್ತರಲ್ಲಿ ಐವರು ಅದಕ್ಕೇ ಕೈ ಎತ್ತುವಂತಿದೆ.

ಚಾವಣಿ_ಲೆಕ್ಕ
ಮೊದಲು ಕೇಳಬೇಕಾದ ಪ್ರಶ್ನೆ: ಆ ಚಾವಣಿಗೆ ಸೋರಿಕೆ ತಡೆ ಮಾಡಿ ಎಷ್ಟು ವರ್ಷ ಆಯಿತು? ಪ್ಯಾನೆಲ್ 25 ವರ್ಷ ಕೂರುತ್ತೆ. ಐದನೇ ವರ್ಷ ಚಾವಣಿ ಸೋರಿದರೆ ಎಲ್ಲ ಬಿಚ್ಚಿ, ರಿಪೇರಿ ಮಾಡಿ, ಮತ್ತೆ ಕಟ್ಟಬೇಕು. ಓಡಾಡುವ ದಾರಿ ಸೇರಿ ಕಿಲೊವ್ಯಾಟ್‌ಗೆ 10 ಚದರ ಮೀಟರ್ ಹಿಡಿಯಿರಿ. ನೀರಿನ ಟ್ಯಾಂಕ್, ಲಿಫ್ಟ್ ಕೋಣೆಯ ನೆರಳು ಕಳೆಯಿರಿ. ಇನ್ವರ್ಟರ್ ಅನ್ನು ಪಡುವಣ ಗೋಡೆಗೆ ಬಿಸಿಲಲ್ಲಿ ನೇತುಹಾಕಿದರೆ ಮಧ್ಯಾಹ್ನ ಬಿಸಿಯೇರಿ ತಾನೇ ಉತ್ಪಾದನೆ ಇಳಿಸಿಕೊಳ್ಳುತ್ತೆ. ಮತ್ತೆ ಆಯೋಗದವರು ಜನಕ್ಕೆ ‘ಕರೆಂಟ್ ಹೋದಾಗ ಸೋಲಾರ್ ಇರುತ್ತೆ’ ಎಂದು ಭಾಷಣ ಬಿಡಬಾರದು. ಬ್ಯಾಟರಿ ಇಲ್ಲದ ಗ್ರಿಡ್ ಜೋಡಿತ ಇನ್ವರ್ಟರ್, ಗ್ರಿಡ್ ಹೋದ ಕೂಡಲೇ ನಿಲ್ಲುತ್ತೆ. ಲೈನ್ ಮೇಲೆ ಕೆಲಸ ಮಾಡುವವರಿಗೆ ಷಾಕ್ ಆಗಬಾರದು ಅಂತಲೇ ಹಾಗೆ ಮಾಡಿರುವುದು.

ಠರಾವು_ಬರಹಗಾರ
ಆ ಐವರಲ್ಲಿ ಯಾರಿಗಾದರೂ ಸೋಲಾರ್ ವ್ಯವಹಾರ ಇದೆಯಾ? ಇದ್ದರೆ ಆ ವಿಷಯ ಬಂದಾಗ ಘೋಷಿಸಿ, ಚರ್ಚೆಗೂ ಮತಕ್ಕೂ ಹೊರಗಿರಬೇಕು, ಅದು ನಡಾವಳಿಯಲ್ಲಿ ಬರಬೇಕು. ಕೋರಂ ಲೆಕ್ಕವನ್ನೂ ಮುಂಚೆ ನೋಡಿಕೊಳ್ಳಿ. ಒಂಬತ್ತಕ್ಕೆ ಐದು ಕೋರಂ ಇದ್ದು, ಆರು ಜನ ಬಂದು ಇಬ್ಬರು ಎದ್ದು ಹೋದರೆ ಆವತ್ತಿನ ಠರಾವು ನಿಲ್ಲುತ್ತದೋ ಇಲ್ಲವೋ ಎಂಬುದು ಆಯೋಗದ ನಿಯಮಾವಳಿಯಲ್ಲಿ ಸ್ಪಷ್ಟ ಇರಬೇಕು. ಟೆಂಡರ್‌ನಲ್ಲಿ ಸೋತವನು ಮೊದಲು ಹುಡುಕುವುದೇ ಅದನ್ನು.

ಹಸಿರು_ಹಾಳೆ
ನನ್ನ ಲೆಕ್ಕಪತ್ರವನ್ನು ಎಲ್ಲರೂ ಮೂಲೆಗೆ ತಳ್ಳಿದಿರಿ. ಗುರಿ ಇಲ್ಲದೆ ಈ ಪಂಪು ದೀಪಗಳೆಲ್ಲ ಬಿಡಿ ಕೆಲಸ ಆಗುತ್ತವೆ.

ಲೆಕ್ಕದ_ಪುಸ್ತಕ
ಗುರಿಯ ಗತಿಯನ್ನೂ ನೋಡಿ. ಕೋಪನ್‌ಹೇಗನ್ 2012ರಲ್ಲಿ, 2025ಕ್ಕೆ ಇಂಗಾಲ ತಟಸ್ಥ ಎಂದು ಯೋಜನೆ ಒಪ್ಪಿತು. ಬಹಳಷ್ಟು ಸಾಧಿಸಿತು ಕೂಡ. ಕೊನೆಯ ಭಾಗ ಕಸ ಸುಡುವ ಅಮಾಯೆರ್ ಬಕ್ಕೆ ಸ್ಥಾವರದ ಇಂಗಾಲ ಹಿಡಿಯುವ ಯೋಜನೆಯ ಮೇಲೆ ನಿಂತಿತ್ತು, ಅದಕ್ಕೆ ಸರ್ಕಾರದ ದುಡ್ಡು ಸಿಗಲಿಲ್ಲ, 2022ರಲ್ಲಿ ಗುರಿ ಕೈಬಿಟ್ಟರು. ಗುರಿ ಇರಲಿ, ಆದರೆ ಅದರ ಯಾವ ಭಾಗ ನಗರಸಭೆಯ ಕೈಯಲ್ಲಿದೆ, ಯಾವುದು ಬೇರೆಯವರ ಕೈಯಲ್ಲಿದೆ ಎಂದು ಬೇರೆ ಬೇರೆ ಕಾಲಂ ಮಾಡಿ.

ಹಸಿರು_ಹಾಳೆ
ಸರಿ, ರಾಜಿ. ಮೊದಲ ವರ್ಷ ನಗರಸಭೆಯ ಸ್ವಂತ ಬಿಲ್ಲುಗಳ ಲೆಕ್ಕ ಮತ್ತು ಕಸದ ಲೆಕ್ಕ ಮಾತ್ರ. ವಾಹನ, ಕಾರ್ಖಾನೆ ಎರಡನೇ ವರ್ಷಕ್ಕೆ. ಕಸ ಬಿಡುವುದಿಲ್ಲ.

ಮೀಟರ್_ಓದುಗ
ಹಾಗಾದರೆ ಮೊದಲ ಸಭೆಗೆ ಬಿಲ್ ಹಾಳೆ, ಎರಡನೆಯದಕ್ಕೆ ದೊಡ್ಡ ಐದು ಪಂಪುಗಳ ಪರೀಕ್ಷೆಗೆ ನೀರು ಇಲಾಖೆಯ ಒಪ್ಪಿಗೆ, ದೀಪದ ಕಂಬ ಗಣತಿ ಜೊತೆಜೊತೆಗೆ. ಸೋಲಾರ್‌ಗೆ ಚಾವಣಿ ತಪಾಸಣೆ ಮಾತ್ರ. ಒಂದು ಅಡ್ಡಿ ಇದೆ. ಪಂಪ್‌ಹೌಸ್‌ಗಳಲ್ಲಿ ಕೆಲಸ ಮಾಡುವ ಫ್ಲೋ ಮೀಟರ್ ಇಲ್ಲ. ಹರಿವು ಅಳೆಯುವುದು ಹೇಗೆ?

ವೇಗ_ನಿಯಂತ್ರಕ
ಪೈಪ್ ಹೊರಗೆ ಕಟ್ಟುವ ಅಲ್ಟ್ರಾಸಾನಿಕ್ ಮೀಟರ್ ಬಾಡಿಗೆಗೆ ತನ್ನಿ. ಅದಕ್ಕೆ ನೀರು ಬರುವ ಕಡೆ ಪೈಪ್ ವ್ಯಾಸದ ಹತ್ತು ಪಟ್ಟು, ಹೋಗುವ ಕಡೆ ಐದು ಪಟ್ಟು ನೇರ ಉದ್ದ ಇರಲಿ. ಬಣ್ಣ, ತುಕ್ಕು ಕೆರೆದು ಜೆಲ್ ಹಚ್ಚಿ.

ಪಂಪ್‌ಹೌಸ್_ಪಕ್ಕ
ಹಳೆ ಬೀಡು ಕಬ್ಬಿಣದ ಪೈಪಿನೊಳಗೆ ಗಟ್ಟಿ ಪದರ ಕಟ್ಟಿದ್ದರೆ ಆ ಮೀಟರ್ ಸಿಗ್ನಲ್ಲೇ ಹಿಡಿಯಲ್ಲ, ಹಿಡಿದರೂ ಒಳವ್ಯಾಸ ತಪ್ಪಾಗಿ ಹರಿವು ಹೆಚ್ಚು ತೋರಿಸುತ್ತೆ. ಸಂಪಿನಲ್ಲೇ ಅಳೆಯಿರಿ. ಒಳಹರಿವಿನ ವಾಲ್ವ್ ಮುಚ್ಚಿ, ಪಂಪ್ ಓಡಿಸಿ, ನೀರಿನ ಮಟ್ಟ ಇಳಿಯುವುದಕ್ಕೆ ಸಮಯ ಹಿಡಿಯಿರಿ. 10 × 8 ಮೀಟರ್ ಸಂಪು 4 ನಿಮಿಷಕ್ಕೆ 25 ಸೆಂಟಿಮೀಟರ್ ಇಳಿದರೆ 20 ಘನ ಮೀಟರ್, ಅಂದರೆ ಗಂಟೆಗೆ 300. ಒಳಗಿನ ಕಂಬಗಳು ಹಿಡಿದ ಜಾಗ ಕಳೆಯಿರಿ. ಇದಕ್ಕೂ ಮೊದಲು ಪಂಪ್ ನಿಲ್ಲಿಸಿ, ವಾಲ್ವ್ ಮುಚ್ಚಿ, ಹತ್ತು ನಿಮಿಷ ಮಟ್ಟ ನೋಡಿ. ಏರಿದರೆ ಒಳಹರಿವಿನ ವಾಲ್ವ್ ಅಥವಾ ಪಂಪಿನ ನಾನ್-ರಿಟರ್ನ್ ವಾಲ್ವ್ ಸೋರುತ್ತಿದೆ. ಇಳಿದರೆ ಸಂಪೇ ಸೋರುತ್ತಿದೆ, ಆಗ ಆಯೋಗದ ಪಟ್ಟಿಗೆ ಇನ್ನೊಂದು ಕೆಲಸ ಸೇರಿತು.